ಓಣಿಯಲ್ಲಿ ವಿಚಾರಿಸಿ ಗೊತ್ತುಮಾಡಿದ ಕಾಲೇಜು

ನಾನು ಇಂಡಿ ಪಟ್ಟಣದಲ್ಲಿ ನಿಂಬೆಹಣ್ಣಿನ ವ್ಯಾಪಾರಿ. ನಮ್ಮ ಬಳಗದ ನಾಲ್ಕು ಹುಡುಗಿಯರಿಗೆ ವರ ಗೊತ್ತುಮಾಡಿದವನೂ ನಾನೇ. ಆದ್ದರಿಂದ ಮಗಳು ಶಬಾನಾ ಫಿಸಿಕ್ಸ್‌ನಲ್ಲಿ ಬಿಎಸ್ಸಿ ಓದುತ್ತೇನೆ ಎಂದಾಗ, ಕಾಲೇಜು ಆರಿಸುವ ಘನ ಜವಾಬ್ದಾರಿಯನ್ನು ಯಾರೂ ಕೇಳದಿದ್ದರೂ ನಾನೇ ವಹಿಸಿಕೊಂಡೆ.

"ಹೆಂಗ ಆರಸ್ತೀರಿ ಅಬ್ಬಾ?" ಎಂದಳು.

"ವರನ ಮನಿ ಹೆಂಗ ನೋಡ್ತಾರ, ಹಂಗ!"

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಆ ಮನೆಯವರನ್ನು ಕೇಳುವುದಿಲ್ಲ, ಓಣಿಯವರನ್ನು ಕೇಳುತ್ತೇವೆ. ಮನೆಯವರು ಹೇಗೂ ಒಳ್ಳೆಯದನ್ನೇ ಹೇಳುತ್ತಾರೆ. ಇದೇ ಸೂತ್ರ ಹಿಡಿದು ಒಂದು ವಾರ ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ ಸುತ್ತಿದೆ. ಯಾವ ಕಾಲೇಜಿನ ಗೇಟನ್ನೂ ದಾಟಲಿಲ್ಲ. ಎದುರಿನ ಚಹಾದಂಗಡಿಗಳಲ್ಲಿ ಕುಳಿತೆ. ಮೂರು ಊರಲ್ಲೂ ಗಡ್ಡ ಮಾಡಿಸಿಕೊಂಡೆ. ಕೆನ್ನೆ ಉರಿಯತೊಡಗಿತು!

ಸಿಂದಗಿಯ ಕಟಿಂಗ್ ಅಂಗಡಿಯವನು ಕತ್ತಿ ನಿಲ್ಲಿಸಿ ಹೇಳಿದ: "ಈ ಎದುರಿಂದು ಭಾಳ ಚಲೋ ಐತ್ರಿ. ಜಗಳಿಲ್ಲ, ತಂಟಿಲ್ಲ. ಪ್ರಿನ್ಸಿಪಾಲರಂತೂ ದೇವರಂಥಾ ಮನಷ್ಯಾ."

ಇನ್ನೇನು ಬೇಕು? ಪೇಢೆ ಕಟ್ಟಿಸಿಕೊಂಡು ಬಂದು, "ಗಟ್ಟಿ ಆತು!" ಎಂದು ಘೋಷಿಸಿದೆ.

ಶಬಾನಾ ಪೇಢೆ ಮುಟ್ಟಲಿಲ್ಲ. "ಫಿಸಿಕ್ಸ್ ಲ್ಯಾಬ್ ಹೆಂಗೈತ್ರಿ?"

ಅದನ್ನು ಕಟಿಂಗ್ ಅಂಗಡಿಯವನು ಹೇಳಿರಲಿಲ್ಲ. ಮರುದಿನ ಮತ್ತೆ ಸಿಂದಗಿಗೆ ಹೋಗಿ ಕೊನೆಗೂ ಗೇಟಿನೊಳಗೆ ಕಾಲಿಟ್ಟೆ. ಗುಮಾಸ್ತರು ಕನ್ನಡಕ ಇಳಿಸಿ ನನ್ನನ್ನೇ ನೋಡಿದರು.

"ಫಿಸಿಕ್ಸ್ ಎಲ್ಲಿಂದ್ ಬರಬೇಕ್ರಿ? ಇಲ್ಲಿ ಬಿಎ, ಬಿಕಾಂ ಅಷ್ಟ."

ಬೇರೆಡೆ ಅರ್ಜಿ ಹಾಕಲು ಉಳಿದಿದ್ದು ಒಂದೇ ದಿನ. ನಮ್ಮ ಅಂಗಡಿಯ ತಕ್ಕಡಿ ಕೆಟ್ಟಾಗ ಕಾರಣ ಹುಡುಕಿ ಸರಿಮಾಡಿದ ಹುಡುಗಿ ಶಬಾನಾ. ಅವಳ ಒಂದು ವರ್ಷವನ್ನು ನಾನು ಗಡ್ಡದ ಜೊತೆ ಬೋಳಿಸಿ ಹಾಕಿದೆನಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಂಕಟಪಟ್ಟೆ.

ಮನೆಗೆ ಬಂದು ತಲೆತಗ್ಗಿಸಿ ಎಲ್ಲ ಒಪ್ಪಿಕೊಂಡೆ. ಹೆಂಡತಿ ರಜಿಯಾ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ.

"ನೀವು ಊರೂರು ತಿರಗಾಕತ್ತಾಗ ನಾವಿಬ್ರೂ ವಿಜಯಪುರಕ್ಕ ಹೋಗಿ ಬಂದೇವಿ. ಲ್ಯಾಬ್ ನೋಡೇವಿ, ಕಲಿಸೋರ ಕೂಡ ಮಾತಾಡೇವಿ. ಫಾರ್ಮೂ ತುಂಬೇವಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಅಲ್ಲೂ ಗಡ್ಡ ಮಾಡಿಸ್ಕೊಳಾಕ ಹೋಗ್ತಿದ್ರಿ!"

ನೆಮ್ಮದಿಯಿಂದ ಕಣ್ಣು ತುಂಬಿತು. ಗಂಭೀರವಾಗಿ ಪೆನ್ನು ತೆಗೆದೆ. ಫಾರ್ಮಿನಲ್ಲಿ ಪೋಷಕರ ಸಹಿ ಇರಬೇಕಾದಲ್ಲಿ ರಜಿಯಾ ಆಗಲೇ ಸಹಿ ಹಾಕಿದ್ದಳು.

"ಮತ್ತ ನಾ ಏನ್ ಮಾಡ್ಲಿ?"

"ಮಾರ್ಕ್ಸ್ ಕಾರ್ಡಿನ ಝೆರಾಕ್ಸ್ ತರ್ರಿ ಅಬ್ಬಾ. ಎರಡೂ ಬದಿ" ಎಂದಳು ಶಬಾನಾ.

ಓಡಿಹೋಗಿ ತಂದೆ.

ಒಂದೇ ಬದಿ!