ಸೋಲಾಪುರದಲ್ಲಿ ಇಲ್ಲದ ಸಾತಲಿಂಗಪ್ಪ

"ನೀ ಬರೇ ಟ್ರಂಕ್ ಕಟ್ಟು! ಪಾಸಪೋರ್ಟ, ಪರವಾನಗಿ ಎಲ್ಲಾ ತಾವಾಗೇ ನಡಕೋತ ನಮ್ಮ ಮನಿಗೆ ಬರ್ತಾವ. ಸರಕಾರಿ ಕೆಲಸ ಅಂದ್ರ ನನಗ ಎಡಗೈ ಆಟ!"

ಸಾತಲಿಂಗಪ್ಪ ಹೀಗೆ ಘೋಷಿಸಿದಾಗ ಉಮಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಗಂಡನ ಎಡಗೈ ಆಟ ಅವಳಿಗೆ ಹೊಸದಲ್ಲ. ಬಡಿಯುವ ಸದ್ದನ್ನು ಸ್ವಲ್ಪ ಜೋರು ಮಾಡಿದಳು, ಅಷ್ಟೇ.

ಸಾತಲಿಂಗಪ್ಪನದು ಸೋಲಾಪುರದ ನವಿ ಪೇಠದಲ್ಲಿ ಚಾದರದ ಅಂಗಡಿ, ಅದರ ಹಿಂದೆಯೇ ಮನೆ. ಬಾಲ್ಯದ ಗೆಳೆಯ ಕಲ್ಲಣ್ಣ ಆಫ್ರಿಕಾದ ಮೊಂಬಾಸಾದಲ್ಲಿ ಅಂಗಡಿ ತೆರೆದು, "ಗಂಡ-ಹೆಂಡ್ತಿ ಇಬ್ಬರೂ ಬರ್ರಿ, ಪಾಲು ಕೊಡ್ತೀನಿ. ದೀಪಾವಳಿಯೊಳಗ ಬರದಿದ್ರ ಬ್ಯಾರೆಯವರನ್ನ ನೋಡಕೋತೀನಿ" ಎಂದು ಹೇಳಿಕಳಿಸಿದ್ದ. ಪಾಸಪೋರ್ಟಿಗೆ ಅರ್ಜಿಯೇನೋ ಹಾಕಿ ಆಯಿತು. ಆದರೆ ಪರದೇಶಕ್ಕೆ ಹೋಗುವವನು ತೆರಿಗೆ ಬಾಕಿ ಇಲ್ಲವೆಂಬ ದಾಖಲೆಯನ್ನೂ ತೋರಿಸಬೇಕು. ಲೆಕ್ಕ ಒಪ್ಪಮಾಡುವ ಮೊದಲೇ ತೆರಿಗೆಯವರು ಬಾಗಿಲು ಬಡಿದರೆ? ಸಾತಲಿಂಗಪ್ಪ ಹೆಂಡತಿಗೆ ರಾಜಾಜ್ಞೆ ಹೊರಡಿಸಿದ: "ಯಾರೇ ಬಂದು ನನ್ನ ಕೇಳಿದ್ರೂ, ಅಂಥವರು ಇಲ್ಲಿ ಇಲ್ಲಂತ ಹೇಳು!"

ಮುಂದಿನ ಸೋಮವಾರವೇ ಯಾರೋ ಬಾಗಿಲು ಬಡಿದರು. ಸಾತಲಿಂಗಪ್ಪ ಬಚ್ಚಲಲ್ಲಿ ಮೈಗೆಲ್ಲ ಸಾಬೂನು ಬಳಿದುಕೊಂಡು, ಮರಾಠಿ ನಾಟಕದ ಪದವೊಂದನ್ನು ತಾರಕಕ್ಕೆ ಏರಿಸಿದ್ದ. ಸದ್ದು ಕೇಳಿ ಗಕ್ಕನೆ ಬಾಯಿ ಮುಚ್ಚಿದ.

"ಸಾತಲಿಂಗಪ್ಪ ಇಲ್ಲೇ ಇರತಾರೇನ್ರಿ ಬಾಯಾರ?" ಗಂಡುದನಿ.

"ಅಂಥವರು ಇಲ್ಲಿ ಯಾರೂ ಇಲ್ರಿ."

"ಮತ್ತ ಈಗ ಹಾಡಾಕತ್ತಿದ್ದವರು ಯಾರು?"

"ಎಮ್ಮಿರಿ."

"ಎಮ್ಮಿ ಮರಾಠಿ ಪದಾ ಹಾಡ್ತದ?"

"ಸೋಲಾಪುರದ ಎಮ್ಮಿರಿ. ಅದಕ್ಕ ಎರಡೂ ಭಾಷಾ ಬರ್ತಾವ!"

ಬಂದವನು ಹೋದ. ಸಾತಲಿಂಗಪ್ಪ ಕಣ್ಣಿಗಿಳಿದ ಸಾಬೂನನ್ನೂ ಮರೆತು ಹಿಗ್ಗಿದ. ಎಮ್ಮೆ ಎಂದದ್ದು ಒಂದಿಷ್ಟು ಚುಚ್ಚಿತಾದರೂ, ಇಂಥ ಚತುರೆ ಇಡೀ ಪೇಠದಲ್ಲಿ ಇನ್ನೊಬ್ಬಳಿಲ್ಲ!

ತಿಂಗಳು ಕಳೆಯುವುದರೊಳಗೆ ಆ ಹಿಗ್ಗು ಇಳಿಯಿತು. ಬಂದವನು ತೆರಿಗೆಯವನಲ್ಲ! ಪಾಸಪೋರ್ಟಿನ ಚೌಕಶಿಗೆಂದು ಸಾದಾ ಧೋತರ ಉಟ್ಟು ಬಂದಿದ್ದ ಪೊಲೀಸ್ ಜಮಾದಾರ ಮರೆಪ್ಪ. 'ಅರ್ಜಿದಾರನು ಸದರಿ ವಿಳಾಸದಲ್ಲಿ ವಾಸವಾಗಿರುವುದಿಲ್ಲ' ಎಂಬ ಷರಾ ಹೊತ್ತು ಅರ್ಜಿ ವಾಪಸು ಬಂತು.

ತೆರಿಗೆಯ ದಾಖಲೆ ಸಿಕ್ಕರೆ ತಾನಿದ್ದೇನೆಂದು ಸಾಬೀತಾದೀತೆಂದು ಸಾತಲಿಂಗಪ್ಪ ಆ ಕಚೇರಿಗೆ ಓಡಿದ. ಗುಮಾಸ್ತ ಷರಾ ಓದಿ ಚಷ್ಮಾ ತೆಗೆದ.

"ಪೊಲೀಸರು ನೀವಽ ಇಲ್ಲ ಅಂದಾರಲ್ರಿ. ಇಲ್ಲದವರಿಗೆ ಬಾಕಿ ಇಲ್ಲಂತ ಹೆಂಗ ಬರಕೊಡೂದು?"

"ನಿಮ್ಮ ಕಣ್ಮುಂದ ನಿಂತೀನಲ್ರಿ!"

"ನಿಂತೀರಿ, ಖರೆ. ಇದ್ದೀರಿ ಅನ್ನೂದಕ್ಕ ಆಧಾರ ಏನು?"

"ಇಲ್ಲದವನ ಕಡಿಂದ ಇಷ್ಟ ವರ್ಷ ತೆರಿಗಿ ಹೆಂಗ ತಗೊಂಡ್ರಿ?"

"ತಗೊಳ್ಳಾಕ ಆಧಾರ ಬೇಕಿಲ್ರಿ! ಕೊಡಾಕಷ್ಟೇ ಬೇಕು."

ಹುಟ್ಟಿದ ಊರಾದರೂ ಕೈಹಿಡಿದೀತೆಂದು ಅಕ್ಕಲಕೋಟದ ಬಸ್ಸು ಹತ್ತಿದ. ಅಲ್ಲಿಯ ಕಚೇರಿಯ ಕಾರಕೂನ ಬಹಳ ಮೆತ್ತಗಿನ ಮನುಷ್ಯ. ಕೂಡ್ರಿಸಿ ಚಹಾ ತರಿಸಿದ.

"ನೋಡ್ರಿ ಸಾವಕಾರ, ನೀವು ಹುಟ್ಟಿದ್ದು ಸಂಸ್ಥಾನದಾಗ. ಆ ಸಂಸ್ಥಾನ ಈಗ ಇಲ್ಲ, ವಿಲೀನ ಆತು. ನೀವೂ ಊರು ಬಿಟ್ಟು ಸೋಲಾಪುರ ಸೇರಿದ್ರಿ. ಈಗ ಇಲ್ಲಿ ಇಲ್ಲ ಅಂತ ಬೇಕಾದ್ರ ಈಗಿಂದೀಗ ಬರಕೊಡ್ತೀನಿ."

ಎರಡು ಊರುಗಳಲ್ಲೂ ಇಲ್ಲದ ಸಾತಲಿಂಗಪ್ಪ, ಮೈತುಂಬ ಬಸ್ಸಿನ ಧೂಳು ಹೊತ್ತು ಮನೆಗೆ ಬಂದು ಕಂಬಕ್ಕೊರಗಿದ. ದೀಪಾವಳಿ ಹತ್ತಿರ ಬಂದಿತ್ತು. ಮೊಂಬಾಸಾ ದೂರವಾಗುತ್ತಿತ್ತು. ಹೆಂಡತಿ ಕೊಟ್ಟ ನೀರನ್ನೂ ಕುಡಿಯದೆ ಕುಳಿತವನನ್ನು ನೋಡಿ ಅವಳ ಕರುಳು ಚುರ್ರೆಂದಿತು.

"ಏಳ್ರಿ. ಇಲ್ಲ ಅಂದಾಕಿ ನಾನು. ಅದೀರಿ ಅಂತ ನಾನಽ ಹೇಳ್ತೀನಿ."

ಸೆರಗು ಬಿಗಿದು ಮುಂದೆ ನಡೆದಳು. ಸಾತಲಿಂಗಪ್ಪ ಹಿಂದೆ. ಪೊಲೀಸ್ ಚೌಕಿಯಲ್ಲಿ ಮರೆಪ್ಪ ಅವಳನ್ನು ಕಂಡೊಡನೆ ಎದ್ದು ನಿಂತ.

"ಆವತ್ತ ಯಾರೂ ಇಲ್ಲ ಅಂದ್ರಿ, ಇವತ್ತ ಗಂಡನ್ನ ಕರಕೊಂಡು ಬಂದೀರಿ! ಸುಳ್ಳ ಯಾಕ ಹೇಳಿದ್ರಿ ಬಾಯಾರ?"

"ಗಂಡನ ಮಾತ ಕೇಳಿದ್ನಿರಿ. ಅದಽ ತಪ್ಪಾತು."

"ಇವರು ನಿಮ್ಮ ಗಂಡ ಅಂದ್ರ ಹೆಸರು ಹೇಳ್ರಿ. ನಿಮ್ಮ ಬಾಯಿಂದ ಬಂದ್ರಽ ನಾ ಬರಕೊಳ್ಳೂದು."

ಉಮಾಬಾಯಿಯ ಮುಖ ಕೆಂಪಾಯಿತು. ಮದುವೆಯಾದಂದಿನಿಂದ ಗಂಡನ ಹೆಸರನ್ನು ಬರಿದೇ ಉಚ್ಚರಿಸಿದವಳಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ, ಪ್ರಾಸದ ಸಾಲಿನಲ್ಲಿ ಹೆಸರು ಹೆಣೆದೇ ಹೇಳಬೇಕು. ಅವಳು ನೆಲ ನೋಡುತ್ತ, ಆದರೆ ಚೌಕಿಗೆಲ್ಲ ಕೇಳುವಂತೆ, ಹೇಳಿದಳು:

"ಅಂಗಡ್ಯಾಗ ಚಾದರ, ಊರಾಗ ಆದರ, ಬಾಗಲಾ ಬಡದ್ರ ಬಚ್ಚಲದಾಗ ಕೂತು ಹೆದರತಾರ, ಇವರಽ ನಮ್ಮ ಸಾತಲಿಂಗಪ್ಪನವರ!"

ಚೌಕಿ ಚೌಕಿಯೇ ನಕ್ಕಿತು. ಕೋಣೆಯಲ್ಲಿ ಕೂಡಿಹಾಕಿದ್ದ ಕಿಸೆಗಳ್ಳ ಕೂಡ ಕಂಬಿ ಹಿಡಿದುಕೊಂಡು ನಕ್ಕ! ಮರೆಪ್ಪ ಕಣ್ಣೊರೆಸಿಕೊಂಡು ಬರೆದ: 'ಸದರಿ ಮನೆಯು ಉಮಾಬಾಯಿಯದು. ಸಾತಲಿಂಗಪ್ಪ ಎಂಬುವನು ಆಕೆಯ ಒಪ್ಪಿಗೆಯ ಮೇರೆಗೆ ಅಲ್ಲಿ ವಾಸವಾಗಿರುತ್ತಾನೆ.'

"ಮನಿ ನಂದ್ರಿ!" ಎಂದ ಸಾತಲಿಂಗಪ್ಪ.

"ತಿದ್ದಬೇಕಂದ್ರ ಮತ್ತ ಮೊದಲಿಂದ ಚೌಕಶಿ ಆಗಬೇಕು."

ಸಾತಲಿಂಗಪ್ಪ ಎರಡೂ ಕೈ ಜೋಡಿಸಿ ಕಾಗದ ಇಸಕೊಂಡ.

ಆ ಒಂದು ಸಾಲಿನ ಬಲದಿಂದ ತೆರಿಗೆಯ ದಾಖಲೆ ಬಂತು, ಪಾಸಪೋರ್ಟ ಬಂತು, ಪರವಾನಗಿಯೂ ಬಂತು. ದೀಪಾವಳಿಗೆ ಇನ್ನೂ ಎಂಟು ದಿನವಿರುವಾಗ ಮುಂಬಯಿಯ ಹಡಗು ಇಬ್ಬರನ್ನೂ ಮೊಂಬಾಸಾದ ದಂಡೆಗೆ ಇಳಿಸಿತು. ಆಚೆ ಕಲ್ಲಣ್ಣ ಎರಡೂ ಕೈ ಬೀಸುತ್ತಿದ್ದ. ಬಿಳಿಯ ಅಧಿಕಾರಿ ಏನೋ ಕೇಳಿದ. ಪಕ್ಕದ ದುಭಾಷಿ ಅದನ್ನು ಹಿಂದಿಗೆ ಇಳಿಸಿದ: ಎಷ್ಟು ದಿನ ಇರುವವರು?

ಸಾತಲಿಂಗಪ್ಪ ಎದೆಯುಬ್ಬಿಸಿ ಬಾಯಿ ತೆರೆದ. ತೆರೆದದ್ದನ್ನು ಹಾಗೇ ಮುಚ್ಚಿ, ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ಎಷ್ಟ ದಿನಾ ನನ್ನ ಇಟಗೋತಿ?"