ದೇವರ ಹೆಸರಿಗೆ ಪ್ರೀಮಿಯಂ ದರ

ದೇವರ ಕೆಲಸಕ್ಕೆ ಕೈ ಹಾಕಿದವರಿಗೆ ನಗುವಿಗೆ ಬರಗಾಲವಿಲ್ಲ. ಅದನ್ನೂ ಅವನೇ ಒದಗಿಸುತ್ತಾನೆ. ಸಿದ್ದಾಪುರ ಕಡೆಯ ನಮ್ಮೂರ ದೇವಸ್ಥಾನಕ್ಕೆ ನಾನು ಕಾರ್ಯದರ್ಶಿ. ದೇವರ ಹೆಸರಿನಲ್ಲೇ ಒಂದು ವೆಬ್‌ಸೈಟ್ ಮಾಡಿಸಿದ್ದೆವು. ಆ ಹೆಸರನ್ನು ವರ್ಷಕ್ಕೊಮ್ಮೆ ಹಣ ಕಟ್ಟಿ ಉಳಿಸಿಕೊಳ್ಳಬೇಕು. ಈ ವರ್ಷ ಕಂಪನಿಯವರು ಇದ್ದಕ್ಕಿದ್ದಂತೆ ದರವನ್ನು ಹತ್ತು ಪಟ್ಟು ಏರಿಸಿದರು. ಕಟ್ಟದಿದ್ದರೆ ಹೆಸರು ಹೋಯಿತು. ನಾಳೆ ರಮ್ಮಿ ಆಡಿಸುವವರೂ ಅದನ್ನು ಕೊಳ್ಳಬಹುದು. ದೇವರ ಹೆಸರಲ್ಲಿ ಇಸ್ಪೀಟು! ನನಗೆ ಊಟ ಸೇರಲಿಲ್ಲ.

೧. ಸಹಸ್ರನಾಮ

ಕಂಪನಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಬಹಳ ವಿನಯದಿಂದ, "ಸರ್, ನಿಮ್ಮದು ಪ್ರೀಮಿಯಂ ಹೆಸರು. ಎಲ್ಲ ಹೆಸರಿಗೂ ಒಂದೇ ದರ ಇರೋದಿಲ್ಲ. ಇದಕ್ಕೆ ಬೇಡಿಕೆ ಜಾಸ್ತಿ" ಎಂದಳು.

"ದೇವರ ಹೆಸರಿಗೆ ಬೇಡಿಕೆ ಇರದೇ ಇರ್ತದಾ ತಂಗೀ? ಕಲ್ಲು ಎಡವಿದರೂ ಬಾಯಿಗೆ ಅದೇ ಬರ್ತದೆ."

"ಹಾಗಲ್ಲ ಸರ್. ಚಿಕ್ಕ ಹೆಸರಿಗೆ ದರ ಜಾಸ್ತಿ, ಉದ್ದ ಹೆಸರಿಗೆ ಕಡಿಮೆ."

"ನಮ್ಮ ದೇವರಿಗೆ ಸಾವಿರ ಹೆಸರಿದೆ. ಅಷ್ಟನ್ನೂ ಸೇರಿಸಿ ಒಂದೇ ಮಾಡಿದರೆ ನೀವೇ ನಮಗೆ ಕೊಡಬೇಕಾಗ್ತದಲ್ಲ!"

ಹುಡುಗಿ ಫೋನಿನಲ್ಲಿ ಸಂಗೀತ ಹಚ್ಚಿಟ್ಟು ಹೋದಳು. ಭಜನೆಯಂತೂ ಅಲ್ಲ.

೨. ಆಸೆ ತೋರಿಸಬಾರದು

ನಮ್ಮ ಸಮಿತಿಯ ಅಧ್ಯಕ್ಷರು ಶಿರಸಿಯಲ್ಲಿ ಅಡಿಕೆ ವ್ಯಾಪಾರಿ. "ತಮಾ, ನೀನು ಆಸೆ ತೋರ್ಸಿದ್ದೇ ತಪ್ಪು. ಆನು ಹೇಳ್ತೆ ಕೇಳು. ಒಂದು ವಾರ ಬೇರೆ ದೇವರ ಹೆಸರು ಹುಡುಕ್ತಾ ಇರು. ನಮ್ಮ ದರ ತಾನಾಗೇ ಇಳೀತು" ಎಂದರು.

ಮನಸ್ಸು ಒಪ್ಪದಿದ್ದರೂ ಯಲ್ಲಾಪುರ ಕಡೆಯ ಒಂದು ದೇವರ ಹೆಸರನ್ನು ದಿನಾ ಕಂಪ್ಯೂಟರಿನಲ್ಲಿ ಹುಡುಕಿದೆ. ನಮ್ಮ ದರ ಇಳಿಯಲಿಲ್ಲ. ಎಂಟನೇ ದಿನ ಆ ದೇವಸ್ಥಾನದವರೇ ಸಲಹೆ ಕೇಳಲು ನನಗೆ ಫೋನ್ ಮಾಡಿ, "ನಾವೂ ಒಂದು ವೆಬ್‌ಸೈಟ್ ಮಾಡುವಾ ಅಂತಿದ್ದೆವು ಮಾರಾಯ್ರೆ. ನೋಡಿದರೆ ನಮ್ಮ ದೇವರ ಹೆಸರಿನ ದರ ದಿನಾ ಏರ್ತಾ ಇದೆ. ಯಾರೋ ಪಾಪಿ ಕಣ್ಣು ಹಾಕಿದ್ದಾನೆ" ಎಂದರು.

ಎರಡೂ ದೇವರಿಗೆ ತಪ್ಪುಕಾಣಿಕೆ ಹಾಕಿ ಬಂದೆ. ಇಬ್ಬರಲ್ಲಿ ಒಬ್ಬರೂ ಪ್ರೀಮಿಯಂ ಕೇಳಲಿಲ್ಲ.

೩. ಹೂವಿನ ಪ್ರಸಾದ

ಕೊನೆಗೆ ದೇವರನ್ನೇ ಕೇಳೋಣ ಎಂದಾಯಿತು. ಮೂರ್ತಿಯ ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಭಟ್ಟರು ಕಣ್ಣು ಮುಚ್ಚಿ, "ಕೇಳಿದಷ್ಟು ಕೊಟ್ಟು ಹೆಸರು ಉಳಿಸಿಕೊಳ್ಳುವುದಾ?" ಎಂದರು. ಎಡದ ಹೂ ಬಿತ್ತು. "ಹಾಗಾದರೆ ಹೆಸರು ಬಿಟ್ಟುಬಿಡುವುದಾ?" ಮತ್ತೆ ಎಡ.

ಬನವಾಸಿ ಕಡೆಯ ಸದಸ್ಯರೊಬ್ಬರು ಕೈ ಮುಗಿದು, "ತಿಳೀತ್ರಿ. ಚೌಕಾಶಿ ಮಾಡ್ರಿ ಅನ್ನಾಕತ್ತಾನ ದೇವರು" ಎಂದರು.

೪. ದೀಪ ಮುಟ್ಟಿ ಹೇಳಿ

ನಮ್ಮಲ್ಲಿ ಜಗಳ ತೀರದಿದ್ದರೆ ದೇವರೆದುರು ದೀಪ ಮುಟ್ಟಿ ಪ್ರಮಾಣ ಮಾಡುವುದು ವಾಡಿಕೆ. ಹಾಗೆಯೇ ಠರಾವು ಬರೆದೆ: 'ಒಂದೊಂದು ಹೆಸರಿಗೆ ಒಂದೊಂದು ದರ ಎಂಬುದಕ್ಕೆ ನಮ್ಮ ವಿರೋಧವಿದೆ. ತಮ್ಮ ಮ್ಯಾನೇಜರರು ಇಲ್ಲಿಗೆ ಬಂದು, ದೀಪ ಮುಟ್ಟಿ, ಇದು ನ್ಯಾಯವೆಂದು ಹೇಳಿದರೆ ಕೊಡುತ್ತೇವೆ.' ಕುಂಕುಮ ಪ್ರಸಾದವನ್ನೂ ಇಟ್ಟು ಕಂಪನಿಗೆ ಅಂಚೆಯಲ್ಲಿ ಕಳಿಸಿದೆ.

ಹತ್ತು ದಿನದ ಮೇಲೆ, ಸಮಿತಿ ದೇವಸ್ಥಾನದಲ್ಲಿ ಸೇರಿದ್ದಾಗಲೇ ಅದೇ ಹುಡುಗಿಯ ಫೋನ್. "ಸರ್, ಮ್ಯಾನೇಜರ್ ದೀಪ ಮುಟ್ಟೋದು ಬೇಡ ಅಂದ್ರು. ಹಳೇ ದರಕ್ಕೇ ಹೆಸರು ಕೊಡ್ತಾರಂತೆ. ಹಾಗೇ ಅವರ ಹೆಸರಲ್ಲಿ ಒಂದು ಪೂಜೆ ಮಾಡಿಸಬೇಕಂತೆ. ಅದಕ್ಕೆ ದರ ಎಷ್ಟು?"

ನನ್ನ ಕಣ್ಣು ತುಂಬಿತು. ಪೂಜೆಗೆ ಎಲ್ಲರಿಗೂ ಐವತ್ತೊಂದು ರೂಪಾಯಿ ಎಂದು ಗೋಡೆಯ ಫಲಕದಲ್ಲೇ ಬರೆದಿದೆ. ಹೇಳಬೇಕು ಅನ್ನುವಷ್ಟರಲ್ಲಿ ಅಧ್ಯಕ್ಷರು ನನ್ನ ಶಲ್ಯ ಜಗ್ಗಿ, "ತಮಾ, ದೊಡ್ಡ ಕಂಪನಿ ಅಲ್ದಾ? ಪ್ರೀಮಿಯಂ ಹೇಳು!" ಎಂದು ಪಿಸುಗುಟ್ಟಿದರು.

ಭಟ್ಟರು ಉರಿಯುವ ದೀಪವನ್ನು ತಂದು ಅಧ್ಯಕ್ಷರ ಮುಂದೆ ಹಿಡಿದರು.

ಅಧ್ಯಕ್ಷರು ಆರತಿ ತೆಗೆದುಕೊಂಡವರಂತೆ ಎರಡೂ ಕೈ ಕಣ್ಣಿಗೊತ್ತಿಕೊಂಡು, "ಐವತ್ತೊಂದೇ ಹೇಳು" ಎಂದರು.