ಮೇಷ್ಟ್ರ ಮೂಗೂ ಮೊಮ್ಮಗಳ ರ್‍ಯಾಪೂ

ಹೊಸ ಥರದ ಹಾಡು ಬಂತು ಅಂದರೆ ಸಾಕು, ನಮ್ಮೂರಲ್ಲಿ ಯಾರಾದರೊಬ್ಬರು "ಮಕ್ಕಳು ಕೆಟ್ಟವು" ಅಂತ ಎದ್ದು ನಿಲ್ತಾರೆ. ನಾನು ಸೊಸೆಯಾಗಿ ಬಂದಾಗಿನಿಂದ ನೋಡ್ತಾನೇ ಇದ್ದೀನಿ. ಹಾಡು ಬದಲಾಗಿದೆ, ಎದ್ದು ನಿಲ್ಲೋದು ಬದಲಾಗಿಲ್ಲ.

ಕಂಬಳಿ ಹೊದ್ದ ರೇಡಿಯೋ

ಆಗ ಕೆಟ್ಟದ್ದು ಸಿನಿಮಾ ಹಾಡು. ರೇಡಿಯೋದಲ್ಲಿ ಪ್ರೇಮದ ಹಾಡು ಬಂದರೆ ನಮ್ಮತ್ತೆಗೆ ಮೈಮೇಲೆ ಕೆಂಡ ಸುರಿದ ಹಾಗೆ. ಆರಿಸೋಕೆ ಯಾವ ಗುಂಡಿ ತಿರುಗಿಸಬೇಕು ಅಂತ ಗೊತ್ತಿರಲಿಲ್ಲ. ತೆಲುಗಲ್ಲಿ ಬೈಕೊಂಡು, ಹೊಸ ಸೊಸೆ ಕಿವಿಗೆ ಹಾಡು ಬೀಳಬಾರದು ಅಂತ ರೇಡಿಯೋ ಮೇಲೆ ಕಂಬಳಿ ಎಸೆಯೋರು. ಹಾಡು ಮುಗೀತೋ ಇಲ್ಲವೋ ನೋಡೋಕೆ ಆಮೇಲೆ ತಾವೇ ಕಂಬಳಿಯೊಳಗೆ ತಲೆ ತೂರಿಸೋರು.

ಒಂದು ದಿನ ಒಳಗೆ ಹೋದ ತಲೆ ಹೊರಗೆ ಬರಲೇ ಇಲ್ಲ. ನನಗೆ ಗಾಬರಿ. "ಅತ್ತೇ, ಮುಗೀತಾ?" ಅಂದೆ.

"ಸುಮ್ಮನಿರೇ, ಈಗ ಎರಡನೇದು ಶುರುವಾಗೈತೆ!"

ಹುಳಕ್ಕೆ ತಾಗಿದ ಹಾಡು

ಈಗ ಕೆಟ್ಟದ್ದು ರ್‍ಯಾಪು. ಕಾಲೇಜಿಗೆ ಹೋಗೋ ಮೊಮ್ಮಗಳು ರೇಷ್ಮೆಹುಳಕ್ಕೆ ಸೊಪ್ಪು ಹಾಕುವಾಗ ಫೋನಲ್ಲಿ ಅದನ್ನೇ ಹಾಕ್ಕೊಂಡು ತಲೆ ಕುಣಿಸ್ತಾಳೆ. ಕಾಲೇಜು ವಾರ್ಷಿಕೋತ್ಸವದಲ್ಲಿ ತಾನೇ ಕಟ್ಟಿದ್ದೊಂದನ್ನು ಹಾಡಬೇಕು ಅಂತ ಅವಳ ಆಸೆ, ಹೆಸರೂ ಕೊಟ್ಟಿದ್ದಳು.

ಒಂದು ಬೆಳಿಗ್ಗೆ ನನ್ನ ಮಗ ಹುಳದ ಮನೆಯಿಂದ ಕೂಗ್ಕೊಂಡು ಬಂದ. "ಅಮ್ಮಾ, ಕೆಟ್ಟೆವು! ಹುಳ ಎಲ್ಲಾ ಸೊಪ್ಪು ಬಿಟ್ಟು ತಲೆ ಎತ್ಕೊಂಡು ಕೂತವೆ. ಇವಳ ಹಾಡು ಕೇಳಿ ಕೇಳಿ ಕೆಟ್ಟೋದವು!"

ಅವಳು ತಣ್ಣಗೆ ಹೇಳಿದಳು: "ಅಪ್ಪಾ, ಮೂರನೇ ಜ್ವರ."

ಪೊರೆ ಬಿಡೋ ಮುಂಚೆ ಹುಳ ಒಂದು ದಿನ ಉಪವಾಸ ಕೂರುತ್ತೆ, ಅದಕ್ಕೆ ನಾವು ಜ್ವರ ಅಂತೀವಿ. ಇಪ್ಪತ್ತು ವರ್ಷದಿಂದ ಹುಳ ಸಾಕೋ ಮಗರಾಯ ರ್‍ಯಾಪಿನ ಭಯದಲ್ಲಿ ಅದನ್ನೇ ಮರೆತಿದ್ದ! ಮಾರನೇ ದಿನ ಹುಳ ಗಬಗಬ ತಿಂದವು. ಇವನು ಮೀಸೆ ತೀಡಿಕೊಂಡು ಅಂದ:

"ನೋಡಿದ್ಯಾ? ನಾನು ಗದರಿದ್ದಕ್ಕೆ ಸರಿಹೋದವು."

ಮೇಷ್ಟ್ರು ಬಂದರು

ಅಷ್ಟಕ್ಕೇ ಮುಗೀತು ಅಂದ್ಕೊಂಡೆ. ಆ ಸಂಜೆ ಪಕ್ಕದ ಬೀದಿಯ ರಿಟೈರಾದ ಮೇಷ್ಟ್ರು ಹೆಂಡತಿ ಜೊತೆ ಬಂದು ಮಗನ ಕಿವಿ ಊದಿದರು. "ರ್‍ಯಾಪ್ ಅಂದ್ರೆ ಏನಪ್ಪಾ? ತಾಳ ಹಾಕ್ಕೊಂಡು ಎದುರಿಗಿರೋನ ಮಾನ ಕಳೆಯೋದು! ಹೆಣ್ಣುಮಗು ಬಾಯಲ್ಲಿ ಅದು ಬರಬಹುದಾ?"

ಮಗ ತಲೆಯಾಡಿಸಿದ. "ಹಾಡೂ ಬೇಡ, ಗೀಡೂ ಬೇಡ. ನಾಳೆನೇ ಹೋಗಿ ಹೆಸರು ತೆಗೆಸು." ಹುಡುಗಿ ಕಣ್ಣು ತುಂಬಿ ಬಂತು. ನನಗೆ ತಡೀಲಿಲ್ಲ.

"ಮೇಷ್ಟ್ರೇ," ಅಂದೆ, "ನಿಮ್ಮ ಮದುವೇಲಿ ನೀವು ಊಟಕ್ಕೆ ಕೂತಾಗ ಬೀಗರ ಹಾಡು ಹೇಳಿದ್ದು ಯಾರು?"

ಮೇಷ್ಟ್ರು ಕುಡೀತಿದ್ದ ಕಾಫಿ ಲೋಟ ತಟ್ಟನೆ ಕೆಳಗಿಟ್ಟರು. ಅವರ ಹೆಂಡತಿ ರಾಯಲ್ಪಾಡಿನವಳು, ನನ್ನ ತವರು ಬೀದಿ ಹುಡುಗಿ. ಗಂಡಿನ ಕಡೆಯವರನ್ನು ಎಲೆ ಮುಂದೆ ಕೂರಿಸಿ ಹಾಡಲ್ಲೇ ಅವರ ನೀರಿಳಿಸೋದು ನಮ್ಮ ಪದ್ಧತಿ. ಆವತ್ತು ಹಾಡಿದವಳು ನಾನೇ.

"ಅಕ್ಕಾ, ಅದೇನು ಮರೆಯೋ ಹಾಡಾ?" ಅಂತ ಮೇಷ್ಟ್ರ ಹೆಂಡತಿ ಚಪ್ಪಾಳೆ ತಟ್ಟಿ ಶುರುಮಾಡೇಬಿಟ್ಟಳು:

"ಗಂಡು ಇನ್ನೂ ಕೋಲಾರದಾಗೆ ಬಸ್ಸು ಹತ್ತುತಾನೆ,
ಗಂಡಿನ ಮೂಗು ಆಗ್ಲೇ ಬಂದು ಪಾಯಸ ಕುಡೀತೈತೆ!"

ಮೊಮ್ಮಗಳು ಕಣ್ಣೊರೆಸಿಕೊಂಡು ಕುಣಿದಳು. "ಅಜ್ಜೀ, ಇದು ರ್‍ಯಾಪೇ ಕಣೇ!"

"ಅದು... ಅದು ಸಂಪ್ರದಾಯ," ಅಂದರು ಮೇಷ್ಟ್ರು, ಮೂಗು ಮುಚ್ಚಿಕೊಂಡು.

"ಹಾಗಾದ್ರೆ ಅದರಲ್ಲಿ ಇನ್ನೂ ಹನ್ನೊಂದು ಸಾಲು ಐತೆ, ಹೇಳ್ಲಾ?" ಅಂದೆ.

ಮೇಷ್ಟ್ರು ದಡಬಡಿಸಿ ಎದ್ದು ನನ್ನ ಮಗನ ಕೈ ಹಿಡಿದುಕೊಂಡರು.

"ಹುಡುಗಿ ಹಾಡಲಿ ಬಿಡಪ್ಪಾ, ನಾನೇ ಮುಂದೆ ಕೂತು ಕೇಳ್ತೀನಿ. ನಿಮ್ಮಮ್ಮ ಮಾತ್ರ ಸ್ಟೇಜ್ ಹತ್ತದ ಹಾಗೆ ನೋಡ್ಕೋ!"